ಕಲಕಿದ ನೀರಲ್ಲಿ ಟ್ರೌಟ್: ಮೇ ತಿಂಗಳ ತೀರ್ಥನ್‌ಗೆ ಹೊರಡುವವರಿಗೆ

ಹಿಮಾಚಲದ ಕುಲ್ಲು ಜಿಲ್ಲೆಯ ತೀರ್ಥನ್ ನದಿಯಲ್ಲಿ ಫ್ಲೈ ಗಾಳ ಹಾಕಲು ಮಾರ್ಚ್, ಏಪ್ರಿಲ್, ಅಕ್ಟೋಬರ್ ತಿಂಗಳುಗಳೇ ಚೆನ್ನ. ಆದರೆ ನಮ್ಮಲ್ಲಿ ಬಹಳಷ್ಟು ಮಂದಿಗೆ ಬಿಡುವಾಗುವುದು ಮಕ್ಕಳ ಬೇಸಿಗೆ ರಜೆಯಲ್ಲಿ. ಮೇ ಬರುವ ಹೊತ್ತಿಗೆ ಮೇಲಿನ ಹಿಮ ಕರಗಿ ನದಿ ತುಂಬಿ ಓಡುತ್ತಿರುತ್ತದೆ. ಹಾಗಂತ ರಾಡ್ ಮನೆಯಲ್ಲೇ ಬಿಟ್ಟು ಹೋಗಬೇಡಿ. ಆಗಲೂ ಟ್ರೌಟ್ ಸಿಗುತ್ತದೆ, ಗಡಿಯಾರ ನೋಡಿಕೊಂಡು ನದಿಗಿಳಿಯಬೇಕು.

ಚಂಡೀಗಢ ಅಥವಾ ದೆಹಲಿಯಿಂದ ಮನಾಲಿ ಬಸ್ಸು ಹತ್ತಿ ಔಟ್ ಸುರಂಗದ ಬಳಿ ಇಳಿಯಿರಿ. ಅಲ್ಲಿಂದ ಲಾರ್ಜಿ, ಬಂಜಾರ್ ದಾಟಿ ಗುಶೈನಿ ಕಡೆಗೆ ಟ್ಯಾಕ್ಸಿ ಸಿಗುತ್ತದೆ. ನಾಗಿನಿಯಿಂದ ಗುಶೈನಿವರೆಗೆ ಹೊಳೆದಂಡೆಯಲ್ಲೇ ಉಳಿದುಕೊಳ್ಳುವ ಮನೆಗಳಿವೆ. ಮೀನುಗಾರಿಕೆ ಇಲಾಖೆಯ ಪರವಾನಗಿ ಕಡ್ಡಾಯ; ಹೊರಡುವ ಮೊದಲೇ ಉಳಿದುಕೊಳ್ಳುವ ಮನೆಯವರನ್ನು ಕೇಳಿ ಅದರ ಏರ್ಪಾಡು ಮಾಡಿಕೊಳ್ಳಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಟ್ರೌಟ್ ಮರಿ ಮಾಡುವ ಕಾಲ, ಆಗ ಗಾಳ ಹಾಕುವಂತಿಲ್ಲ. 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದೊಳಗೆ ಹೋಗಲು ಬೇರೆ ಅನುಮತಿ ಬೇಕು.

ಇನ್ನು ನೀರಿನ ವಿಷಯ. ರಾತ್ರಿಯ ಚಳಿಗೆ ಹಿಮ ಕರಗುವುದು ನಿಧಾನವಾಗುತ್ತದೆ. ಹಾಗಾಗಿ ಬೆಳಗಿನ ನೀರು ಇಳಿದಿರುತ್ತದೆ, ಸ್ವಲ್ಪ ತಿಳಿಯಾಗಿಯೂ ಇರುತ್ತದೆ. ಬಿಸಿಲೇರಿದಂತೆ ಕರಗಿದ ನೀರು ಕೆಳಗಿಳಿದು, ಮಧ್ಯಾಹ್ನದ ನಂತರ ನದಿ ಬೂದಿಬಣ್ಣಕ್ಕೆ ತಿರುಗುತ್ತದೆ. ಬೆಳಕು ಹರಿದ ಕೂಡಲೇ ದಂಡೆಯಲ್ಲಿರಿ, ಊಟದ ಹೊತ್ತಿಗೆ ಮುಗಿಸಿ. ಹಿಂದಿನ ದಿನ ಮಳೆಯಾಗಿದ್ದರೆ ಕೆಸರು ಯಾವ ಹಳ್ಳದಿಂದ ಬರುತ್ತಿದೆ ನೋಡಿ. ಆ ಹಳ್ಳ ಸೇರುವ ಜಾಗಕ್ಕಿಂತ ಮೇಲೆ ಹೋದರೆ ತಿಳಿನೀರು ಸಿಕ್ಕರೂ ಸಿಕ್ಕೀತು.

ತುಂಬಿದ ನದಿಯ ನಡುಮಧ್ಯಕ್ಕೆ ಫ್ಲೈ ಎಸೆಯುವುದು ದಂಡ. ಅಂಥ ಸೆಳವಿನಲ್ಲಿ ಮೀನು ನಿಲ್ಲುವುದಿಲ್ಲ. 20ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಕಾಶ್ಮೀರದಿಂದ ತಂದು ಕುಲ್ಲುವಿನ ನದಿಗಳಿಗೆ ಬಿಟ್ಟ ಬ್ರೌನ್ ಟ್ರೌಟ್ ಇದು. ಬಂಡೆಯ ಹಿಂದಿನ ನಿಂತ ನೀರು, ದಂಡೆಯಂಚಿನ ಮೊಳಕಾಲುದ್ದದ ನೀರು ಇವೇ ಅದರ ಆಸರೆ. ಆದ್ದರಿಂದ ನೀರಿಗೆ ಕಾಲಿಡುವ ಮೊದಲು ಕಾಲಬುಡದಲ್ಲೇ ಒಂದೆರಡು ಸಲ ಫ್ಲೈ ಹಾಯಿಸಿ ನೋಡಿ. ಟಂಗ್‌ಸ್ಟನ್ ಮಣಿಯ ಭಾರದ ನಿಂಫ್ ಕಟ್ಟಿ, ಬಂಡೆಗಿಂತ ಒಂದು ಮಾರು ಮೇಲೆ ಹಾಕಿ. ರಾಡ್ ಎತ್ತಿ ಹಿಡಿದು, ದಾರ ಸೆಳವಿಗೆ ಸಿಗದಂತೆ ನೋಡಿಕೊಳ್ಳಿ. ಸೆಳವು ದಾರವನ್ನು ಎಳೆದರೆ ನಿಂಫ್ ಮೇಲೆದ್ದುಬಿಡುತ್ತದೆ, ಮೀನು ಅದರತ್ತ ತಿರುಗಿಯೂ ನೋಡುವುದಿಲ್ಲ. ನಿಂಫ್ ತಳ ಸವರುತ್ತ ಬರುವಾಗ ದಾರ ಒಂದು ಕ್ಷಣ ತಡೆದು ನಿಂತರೂ ಸಾಕು, ರಾಡ್ ಎತ್ತಿಬಿಡಿ. ಹತ್ತರಲ್ಲಿ ಎಂಟು ಸಲ ಅದು ಕಲ್ಲೇ. ಬೇಸರಪಡದೆ ಎತ್ತುತ್ತಲೇ ಇರಬೇಕು. ನೀರು ತೀರ ಕಲಕಿದ್ದರೆ ಕಪ್ಪು ವೂಲಿ ಬಗ್ಗರ್ ಹಾಕಿ. ಮಂದ ನೀರಿನಲ್ಲಿ ಕಪ್ಪು ಆಕಾರವೇ ಎದ್ದು ಕಾಣುತ್ತದೆ. 4 ಅಥವಾ 5 ವೇಯ್ಟ್‌ನ ರಾಡ್ ಸಾಕು, ಕಾವೇರಿಯ ಮಹಶೀರ್‌ಗೆಂದು ಕೊಂಡ ದಪ್ಪ ಸರಂಜಾಮು ಇಲ್ಲಿ ಬೇಡ.

ಸೊಂಟಕ್ಕೆ ಬೆಲ್ಟ್ ಬಿಗಿದ ವೇಡರ್, ಊರಿಕೊಳ್ಳಲು ಒಂದು ಕೋಲು, ಪೋಲರೈಸ್ಡ್ ಕನ್ನಡಕ ಇವಿಲ್ಲದೆ ನೀರಿಗಿಳಿಯಬೇಡಿ. ನೀರು ಮಂಜಿನಷ್ಟು ತಣ್ಣಗಿರುತ್ತದೆ, ಜಾರಿ ಬಿದ್ದರೆ ಕೈಕಾಲು ಮರಗಟ್ಟಲು ಹೆಚ್ಚು ಹೊತ್ತು ಬೇಕಿಲ್ಲ. ಮೊಳಕಾಲು ಮೀರಿದ ಸೆಳವನ್ನು ದಾಟುವ ಸಾಹಸ ಖಂಡಿತ ಬೇಡ. ನೀರಿನ ಬಣ್ಣ ಫಕ್ಕನೆ ಬದಲಾದರೆ, ಎಲೆ ಕಡ್ಡಿ ತೇಲಿ ಬರತೊಡಗಿದರೆ, ಗಾಳದಲ್ಲಿ ಮೀನಿದ್ದರೂ ಬಿಟ್ಟು ಮೇಲೆ ಹತ್ತಿ. 2023ರ ಜುಲೈನಲ್ಲಿ ಈ ಜಿಲ್ಲೆ ಕಂಡ ಪ್ರವಾಹ ನೆನಪಿರಲಿ. ಜುಲೈ, ಆಗಸ್ಟ್‌ನಲ್ಲಿ ಇತ್ತ ಬರುವ ಯೋಚನೆಯನ್ನೇ ಮಾಡಬೇಡಿ.

ಮೀನು ಸಿಕ್ಕಿದರೆ ಕೈ ಒದ್ದೆ ಮಾಡಿಕೊಂಡೇ ಮುಟ್ಟಿ. ಒಣಗೈ ತಾಗಿದರೆ ಮೈಮೇಲಿನ ಲೋಳೆ ಕಿತ್ತು ಸೋಂಕು ತಗಲುತ್ತದೆ. ಮುಳ್ಳಿಲ್ಲದ ಗಾಳವಾದರೆ ಬಿಡಿಸುವುದು ಸುಲಭ. ಹಳದಿ ಮೈಮೇಲಿನ ಕೆಂಪು ಚುಕ್ಕೆಗಳನ್ನು ನೀರೊಳಗೇ ನೋಡಿ ಖುಷಿಪಡಿ. ಬಾಯಿ ಸೆಳವಿಗೆದುರಾಗಿ ಇರುವಂತೆ ಹಿಡಿದುಕೊಂಡರೆ ಕಿವಿರು ಆಡತೊಡಗಿ, ಅದೇ ಕೊಸರಿಕೊಂಡು ಹೋಗುತ್ತದೆ. ತಿನ್ನಲು ಟ್ರೌಟ್ ಬೇಕಿದ್ದರೆ ಕಣಿವೆಯಲ್ಲಿ ಸಾಕಣೆಯದು ಸಿಗುತ್ತದೆ, ಉಳಿದುಕೊಂಡ ಮನೆಯಲ್ಲಿ ಬೆಳಿಗ್ಗೆಯೇ ಹೇಳಿಡಿ.