50 ಗ್ರೇ, 5000 ಸೆಂಟಿಗ್ರೇ: ವಿಕಿರಣದ ಲೆಕ್ಕ ಓದುವ ಬಗೆ

ಸ್ತನ ಕ್ಯಾನ್ಸರ್‌ಗೆ ರೇಡಿಯೋಥೆರಪಿ ಮುಗಿಸಿ ಬಂದ ಒಬ್ಬರ ಫೈಲಿನಲ್ಲಿ ‘50 ಗ್ರೇ, 25 ಫ್ರಾಕ್ಷನ್’ (ಅಂದರೆ 25 ಕಂತು) ಎಂದಿರುತ್ತದೆ. ಅದೇ ಕಾಯಿಲೆಗೆ ಇನ್ನೊಂದು ಆಸ್ಪತ್ರೆಯಲ್ಲಿ ‘ಕರೆಂಟ್’ ಕೊಡಿಸಿಕೊಂಡವರ ಫೈಲಿನಲ್ಲಿ ‘5000 ಸೆಂಟಿಗ್ರೇ’ ಎಂದಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮನೆಯವರಿಗೆ ದಿಗಿಲಾಗುವುದು ಸಹಜ. ನೂರು ಪಟ್ಟು ಹೆಚ್ಚು ಕೊಟ್ಟುಬಿಟ್ಟರೇ? ಇಲ್ಲ, ಇಬ್ಬರಿಗೂ ಬಿದ್ದದ್ದು ಒಂದೇ ಅಳತೆ. ಈ ಲೆಕ್ಕಕ್ಕೆ ಹೈಸ್ಕೂಲ್ ಗಣಿತ ಸಾಕು. ಯಾವ ಅಂಕಿಯನ್ನು ಯಾವುದಕ್ಕೆ ಬದಲಾಯಿಸಬಹುದು, ಯಾವುದಕ್ಕೆ ಬದಲಾಯಿಸಲೇಬಾರದು ಎಂಬುದು ಮಾತ್ರ ಗೊತ್ತಿರಬೇಕು.

ಅಳೆಯುವುದು ಏನನ್ನು?

ವಿಕಿರಣ ಮೈಯೊಳಗೆ ಹಾದುಹೋಗುವಾಗ ತನ್ನ ಶಕ್ತಿಯ ಒಂದಿಷ್ಟನ್ನು ಅಲ್ಲಿ ಬಿಟ್ಟು ಹೋಗುತ್ತದೆ. ಒಂದು ಕಿಲೋಗ್ರಾಂ ತೂಕದ ವಸ್ತು ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಅದು ಒಂದು ಗ್ರೇ. ಬ್ರಿಟನ್ನಿನ ಭೌತವಿಜ್ಞಾನಿ ಲೂಯಿಸ್ ಹೆರಾಲ್ಡ್ ಗ್ರೇ ಅವರ ಹೆಸರಿನ ಈ ಮಾನ ಅಂತರರಾಷ್ಟ್ರೀಯ ಪದ್ಧತಿಗೆ ಸೇರಿದ್ದು 1975ರಲ್ಲಿ. ಅದಕ್ಕೂ ಮೊದಲು, 1953ರಿಂದ, ಬಳಕೆಯಲ್ಲಿದ್ದದ್ದು ರ‍್ಯಾಡ್. ಒಂದು ಗ್ರಾಂ ವಸ್ತು ನೂರು ಎರ್ಗ್ ಶಕ್ತಿ ಹೀರಿದರೆ ಒಂದು ರ‍್ಯಾಡ್.

ಇವೆರಡರ ನಂಟನ್ನು ಬಾಯಿಪಾಠ ಮಾಡಬೇಕಾಗಿಲ್ಲ, ಕಾಗದದ ಮೇಲೆ ಮಾಡಿ ನೋಡಬಹುದು. ಒಂದು ಜೂಲ್ ಎಂದರೆ ಒಂದು ಕೋಟಿ ಎರ್ಗ್. ಒಂದು ಕಿಲೋ ಎಂದರೆ ಸಾವಿರ ಗ್ರಾಂ. ಕೋಟಿಯನ್ನು ಸಾವಿರದಿಂದ ಭಾಗಿಸಿದರೆ ಗ್ರಾಂ ಒಂದಕ್ಕೆ 10,000 ಎರ್ಗ್. ಅದನ್ನು ನೂರರಿಂದ ಭಾಗಿಸಿದರೆ 100. ಅಂದರೆ ಒಂದು ಗ್ರೇ ನೂರು ರ‍್ಯಾಡ್‌ಗೆ ಸಮ.

ಒಂದು ಜೂಲ್ ಎಷ್ಟು ಸಣ್ಣದು ಎಂಬುದನ್ನೂ ಇಲ್ಲೇ ಹೇಳಬೇಕು. ಇಡೀ ಮೈಗೆ ಒಮ್ಮೆಲೇ 4 ಗ್ರೇ ಬಿದ್ದರೆ ಮೈಯ ಬಿಸಿ ಏರುವುದು ಒಂದು ಡಿಗ್ರಿ ಸೆಲ್ಸಿಯಸ್‌ನ ಸಾವಿರದ ಒಂದು ಭಾಗದಷ್ಟು. ಆದರೂ ತಕ್ಕ ಚಿಕಿತ್ಸೆ ಸಿಗದಿದ್ದರೆ ಹಾಗೆ ಬಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಉಳಿಯುವುದಿಲ್ಲ. ಹಾನಿ ಮಾಡುವುದು ಬಿಸಿಯಲ್ಲ, ಜೀವಕೋಶದ ಡಿಎನ್‌ಎಗೆ ಬೀಳುವ ಪೆಟ್ಟು. ಹಾಗಾದರೆ 50 ಗ್ರೇ ಪಡೆದವರು ಹೇಗೆ ಆರೋಗ್ಯವಾಗಿ ಮನೆಗೆ ಬರುತ್ತಾರೆ? ಅಷ್ಟೂ ಡೋಸ್ ಬೀಳುವುದು ಗುರುತು ಹಾಕಿದ ಒಂದು ಜಾಗಕ್ಕೆ ಮಾತ್ರ. ಅದೂ ದಿನಕ್ಕೆ 2 ಗ್ರೇಯಂತೆ, ನಡುವೆ ಬಿಡುವು ಕೊಟ್ಟು, ಸುಮಾರು ಐದು ವಾರ. ಗ್ರೇ ಅಂಕಿ ಕಂಡಾಗಲೆಲ್ಲ ‘ಎಲ್ಲಿಗೆ, ಎಷ್ಟು ಕಂತಿನಲ್ಲಿ?’ ಎಂದು ಕೇಳಲೇಬೇಕಾದದ್ದು ಇದಕ್ಕಾಗಿ.

ಮೊದಲ ಹಂತ: ಅಂಕಿಯ ಪಕ್ಕದ ಅಕ್ಷರ ನೋಡಿ

ಫೈಲಿನಲ್ಲಿ ಮಾನವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿರುತ್ತಾರೆ. ದೊಡ್ಡ ಜಿ, ಪಕ್ಕದಲ್ಲಿ ಸಣ್ಣ ವೈ ಇದ್ದರೆ ಗ್ರೇ. ಅದರ ಹಿಂದೆ ಸಣ್ಣ ಸಿ ಇದ್ದರೆ ಸೆಂಟಿಗ್ರೇ, ಗ್ರೇಯ ನೂರರ ಒಂದು ಭಾಗ. ಸಣ್ಣ ಎಂ ಇದ್ದರೆ ಮಿಲಿಗ್ರೇ, ಸಾವಿರದ ಒಂದು ಭಾಗ. ಕೆ ಇದ್ದರೆ ಕಿಲೋಗ್ರೇ, ಸಾವಿರ ಗ್ರೇ. ಕೈಬರಹದ ಹಾಳೆಯಲ್ಲಿ ಸಿ ಮತ್ತು ಎಂ ಅಕ್ಷರಗಳು ಕಲಸಿಹೋಗಿದ್ದರೆ ಊಹಿಸಬೇಡಿ, ಬರೆದವರನ್ನೇ ಕೇಳಿ. ಅಲ್ಲಿ ತಪ್ಪಿದರೆ ಲೆಕ್ಕ ಹತ್ತು ಪಟ್ಟು ತಪ್ಪುತ್ತದೆ.

ಎರಡನೆಯ ಹಂತ: ಬಿಂದು ಸರಿಸಿ

ಗ್ರೇಯನ್ನು ರ‍್ಯಾಡ್ ಮಾಡಲು ನೂರರಿಂದ ಗುಣಿಸಿ. ರ‍್ಯಾಡ್ ಅನ್ನು ಗ್ರೇ ಮಾಡಲು ನೂರರಿಂದ ಭಾಗಿಸಿ. ಸೆಂಟಿಗ್ರೇ ಮತ್ತು ರ‍್ಯಾಡ್ ನಡುವೆ ಏನನ್ನೂ ಮಾಡಬೇಕಾಗಿಲ್ಲ, ಅಂಕಿ ಒಂದೇ. ರ‍್ಯಾಡ್ ಲೆಕ್ಕದಲ್ಲಿ ಪಳಗಿದ ವೈದ್ಯರಿಗೆ ಹೊಸ ಮಾನ ಬಂದಾಗ ಹಳೆಯ ಅಂಕಿಗಳನ್ನೇ ಇಟ್ಟುಕೊಳ್ಳಲು ಸೆಂಟಿಗ್ರೇ ಅನುಕೂಲವಾಯಿತು, ಅದು ಇಂದಿಗೂ ಉಳಿದಿದೆ. ಎಂಬತ್ತರ ದಶಕದಲ್ಲಿ ಕೋಬಾಲ್ಟ್ ಯಂತ್ರದಲ್ಲಿ ಚಿಕಿತ್ಸೆ ಪಡೆದವರ ಹಳೆಯ ಹಾಳೆಯಲ್ಲಿ ‘6000 ರ‍್ಯಾಡ್’ ಎಂದಿದ್ದರೆ ಅದು ಇಂದಿನ 60 ಗ್ರೇ.

ಈಗ ಸ್ತನ ಕ್ಯಾನ್ಸರ್‌ಗೆ 15 ಕಂತಿನ ಚಿಕಿತ್ಸೆಯೂ ಬಳಕೆಯಲ್ಲಿದೆ. ದಿನಕ್ಕೆ 267 ಸೆಂಟಿಗ್ರೇ. ಹದಿನೈದರಿಂದ ಗುಣಿಸಿದರೆ 4005 ಸೆಂಟಿಗ್ರೇ, ಅಂದರೆ 40.05 ಗ್ರೇ. 50ಕ್ಕಿಂತ ಇದು ಕಡಿಮೆ, ನಮಗೆ ಚಿಕಿತ್ಸೆ ಅರ್ಧಂಬರ್ಧ ಆಯಿತು ಎಂದು ಕೊರಗಬೇಡಿ. ದಿನದ ಕಂತು ದೊಡ್ಡದಾದಾಗ ಒಟ್ಟು ಮೊತ್ತವನ್ನು ಕಡಿಮೆ ಮಾಡಿಯೇ ಲೆಕ್ಕ ಹಾಕಿರುತ್ತಾರೆ. ಮಾನ ಬದಲಾಯಿಸುವುದು ಬೇರೆ, ಎರಡು ಚಿಕಿತ್ಸೆಗಳನ್ನು ತೂಗಿ ನೋಡುವುದು ಬೇರೆ. ಎರಡನೆಯದು ವೈದ್ಯರ ಮತ್ತು ವೈದ್ಯಕೀಯ ಭೌತವಿಜ್ಞಾನಿಗಳ ಕೆಲಸ.

ಆಹಾರದ ವಿಕಿರಣ ಸಂಸ್ಕರಣೆಯಲ್ಲೂ ಇದೇ ನಿಯಮ. ಅಮೆರಿಕಕ್ಕೆ ಹೋಗುವ ನಮ್ಮ ಮಾವಿನಹಣ್ಣಿಗೆ ಕನಿಷ್ಠ 400 ಗ್ರೇ ಕೊಡಬೇಕು, ಅದು 40,000 ರ‍್ಯಾಡ್. ಸಾಂಬಾರ ಪದಾರ್ಥಕ್ಕೆ ಕೊಡುವ 10 ಕಿಲೋಗ್ರೇ ಎಂದರೆ ಹತ್ತು ಲಕ್ಷ ರ‍್ಯಾಡ್.

ಮೂರನೆಯ ಹಂತ: ಸೀವರ್ಟ್ ಬಂದರೆ ನಿಲ್ಲಿ

ಗ್ರೇ ಹೇಳುವುದು ಎಷ್ಟು ಶಕ್ತಿ ಬಿತ್ತು ಎಂಬುದನ್ನು. ಅದರಿಂದ ಮುಂದೆ ಎಷ್ಟು ಅಪಾಯ ಎಂಬುದನ್ನು ಅಂದಾಜಿಸಲು ಇರುವುದು ಸೀವರ್ಟ್. ಸೀವರ್ಟ್‌ನ ಹಳೆಯ ಮಾನ ರೆಮ್. ಇಲ್ಲೂ ನೂರರದೇ ನಂಟು: 1 ಸೀವರ್ಟ್ 100 ರೆಮ್‌ಗೆ ಸಮ. ಎಕ್ಸ್-ರೇ ಘಟಕದ ಸಿಬ್ಬಂದಿ ಎದೆಗೆ ಸಿಕ್ಕಿಸಿಕೊಳ್ಳುವ ಟಿಎಲ್‌ಡಿ ಬ್ಯಾಡ್ಜ್‌ನ ವರದಿ ಬರುವುದು ಮಿಲಿಸೀವರ್ಟ್‌ನಲ್ಲಿ. ನಮ್ಮ ದೇಶದಲ್ಲಿ ಅವರಿಗಿರುವ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ದಾಟುವಂತಿಲ್ಲ. ಅಮೆರಿಕದಲ್ಲಿ ಇಂದಿಗೂ ರೆಮ್ ಬಳಕೆಯಲ್ಲಿದೆ. ಅಲ್ಲಿನ ಲೆಕ್ಕದಲ್ಲಿ ಹೇಳುವುದಾದರೆ 20 ಮಿಲಿಸೀವರ್ಟ್ 2 ರೆಮ್ ಆಗುತ್ತದೆ.

ಗ್ರೇಯಿಂದ ಸೀವರ್ಟ್‌ಗೆ ಹೋಗಲು ಎರಡು ಮೆಟ್ಟಿಲು. ಮೊದಲು ವಿಕಿರಣದ ಬಗೆಗೆ ತಕ್ಕ ಗುಣಕ: ಎಕ್ಸ್-ರೇ, ಗಾಮಾ, ಬೀಟಾಗೆ 1, ಆಲ್ಫಾ ಕಣಗಳಿಗೆ 20. ಆಮೇಲೆ ಯಾವ ಅಂಗಕ್ಕೆ ಬಿತ್ತು ಎಂಬುದರ ಗುಣಕ. ಗುಣಕ 1 ಇದೆಯಲ್ಲ, ಗ್ರೇಯೂ ಸೀವರ್ಟೂ ಒಂದೇ ಎಂದುಕೊಂಡು ಮೊದಲ ಮೆಟ್ಟಿಲಿನಲ್ಲೇ ನಿಂತುಬಿಡುವವರು ಬಹಳ. ಇಡೀ ಮೈಗೆ ಸಮನಾಗಿ ಬಿದ್ದಾಗ ಮಾತ್ರ ಆ ಮಾತು ಸರಿ.

ಸಿಟಿ ಸ್ಕ್ಯಾನ್‌ನ ಡೋಸ್ ಹಾಳೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅಲ್ಲಿ ಎರಡು ಸಾಲು ಇರುತ್ತವೆ. ‘ಸಿಟಿಡಿಐ’ ಎಂಬುದು ಮಿಲಿಗ್ರೇಯಲ್ಲಿರುತ್ತದೆ. ಅದು ಅಕ್ರಿಲಿಕ್ ಪ್ಲಾಸ್ಟಿಕ್ಕಿನ ಸಿಲಿಂಡರ್ ಇಟ್ಟು ಅಳೆದ ಲೆಕ್ಕಕ್ಕೆ ಹೊಂದಿಸಿದ ಅಂಕಿ, ನಿಮ್ಮ ಮೈಯೊಳಗಿನದ್ದಲ್ಲ. ‘ಡಿಎಲ್‌ಪಿ’ ಎಂಬುದು ಮಿಲಿಗ್ರೇ-ಸೆಂಟಿಮೀಟರ್‌ನಲ್ಲಿ. ನಮಗೆ ಬೇಕಾದದ್ದು ಇದು. ವಯಸ್ಕರ ಎದೆಯ ಸ್ಕ್ಯಾನ್‌ಗೆ ಡಿಎಲ್‌ಪಿಯನ್ನು 0.014ರಿಂದ, ಹೊಟ್ಟೆಗೆ 0.015ರಿಂದ, ತಲೆಗೆ 0.0021ರಿಂದ ಗುಣಿಸಿದರೆ ಅಂದಾಜು ಮಿಲಿಸೀವರ್ಟ್ ಸಿಗುತ್ತದೆ. ಎದೆಯ ಸ್ಕ್ಯಾನ್‌ನ ಡಿಎಲ್‌ಪಿ 400 ಇದ್ದರೆ 5.6 ಮಿಲಿಸೀವರ್ಟ್. ತಲೆಯದ್ದು 1000 ಇದ್ದರೂ ಬರೀ 2.1. ನೆಲ, ಗಾಳಿ, ಆಕಾಶದಿಂದ ಎಲ್ಲರಿಗೂ ತಾನಾಗಿ ಬರುವ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್. ಹೋಲಿಸುವುದಿದ್ದರೆ ಇದರೊಂದಿಗೆ ಹೋಲಿಸಿ, ಕ್ಯಾನ್ಸರ್ ಚಿಕಿತ್ಸೆಯ 50 ಗ್ರೇಯೊಂದಿಗೆ ಅಲ್ಲ. ಮಕ್ಕಳಿಗೆ ಗುಣಕಗಳು ಇನ್ನೂ ದೊಡ್ಡವು. ಆ ಲೆಕ್ಕವನ್ನು ರೇಡಿಯಾಲಜಿಸ್ಟ್ ಹತ್ತಿರವೇ ಮಾಡಿಸಿ.

ಬದಲಾಗದ ಅಂಕಿಗಳು

ಥೈರಾಯ್ಡ್‌ಗೆ ಅಯೋಡಿನ್ ಔಷಧ ಕುಡಿದವರ ಹಾಳೆಯಲ್ಲಿ ‘100 ಮಿಲಿಕ್ಯೂರಿ’ ಎಂದಿರುತ್ತದೆ. ಅದು 3,700 ಮೆಗಾಬೆಕ್ವೆರೆಲ್‌ಗೆ ಸಮ. ಇವೆರಡೂ ಔಷಧದ ವಿಕಿರಣಶೀಲತೆಯ ಅಳತೆ. ಗ್ರಂಥಿ ಎಷ್ಟು ಹೀರಿತು, ಎಷ್ಟು ದಿನ ಉಳಿಸಿಕೊಂಡಿತು ಎಂಬುದು ಗೊತ್ತಿಲ್ಲದೆ ಅದನ್ನು ಗ್ರೇಗೆ ತರಲು ಬರುವುದಿಲ್ಲ. ಗುಣಿಸಲು ನೆಟ್ಟಗಿನ ಸಂಖ್ಯೆ ಯಾವುದೂ ಇಲ್ಲ.

ರಾಂಟ್ಜನ್ ಎಂಬ ಹಳೆಯ ಮಾನವೂ ಹಾಗೆಯೇ ಬೇರೆ ಜಾತಿಯದು. ಗಾಳಿಯಲ್ಲಿ ಹುಟ್ಟುವ ವಿದ್ಯುದಂಶವನ್ನು ಅದು ಅಳೆಯುತ್ತದೆ. ಒಂದು ರಾಂಟ್ಜನ್ ಗಾಳಿಯಲ್ಲಿ ಸುಮಾರು 0.88 ರ‍್ಯಾಡ್. ಹಳೆಯ ಸರ್ವೆ ಮೀಟರ್ ಓದುವವರು ಸುರಕ್ಷತೆಯ ದೃಷ್ಟಿಯಿಂದ ಒಂದಕ್ಕೆ ಒಂದು ಎಂದು ಹಿಡಿಯುವುದುಂಟು. ಎಕ್ಸ್-ರೇ, ಗಾಮಾಗೆ ಅಷ್ಟು ಸಾಕು, ಚಿಕಿತ್ಸೆಯ ಲೆಕ್ಕಕ್ಕೆ ಸಾಲದು.

ಇಷ್ಟು ತಿಳಿದ ಮೇಲೆ ಒಂದು ಕೆಲಸ ತಪ್ಪದೆ ಮಾಡಿ. ರೇಡಿಯೋಥೆರಪಿ ಮುಗಿದ ದಿನ ಯಾವ ಜಾಗಕ್ಕೆ, ಒಟ್ಟು ಎಷ್ಟು ಗ್ರೇ, ಎಷ್ಟು ಕಂತು, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂದು ಬರೆಸಿಕೊಂಡು ಬನ್ನಿ. ಅದರ ಜೆರಾಕ್ಸ್ ಒಂದನ್ನು ಮನೆಯಲ್ಲಿಡಿ, ಫೋನಿನಲ್ಲಿ ಫೋಟೋ ತೆಗೆದು ಮಕ್ಕಳಿಗೂ ಕಳಿಸಿ. ಹತ್ತು ವರ್ಷದ ನಂತರ ಅದೇ ಜಾಗಕ್ಕೆ ಮತ್ತೆ ವಿಕಿರಣ ಬೇಕಾದರೆ ವೈದ್ಯರು ಮೊದಲು ಕೇಳುವುದು ಆ ಹಾಳೆಯನ್ನೇ.