ಜಮೀನಿನ ಹಕ್ಕು: ಬೆಂಗಳೂರು ದಕ್ಷಿಣದ ರೈತರ ಪ್ರಶ್ನೆಗಳೂ ವಕೀಲರ ಉತ್ತರಗಳೂ

ಬೆಳೆಗೆ ತಗಲುವ ರೋಗವು ಎಲೆಯ ಮೇಲೆ ಕಾಣಿಸಿಕೊಳ್ಳುವುದರಿಂದ ರೈತನು ಅದನ್ನು ಬೇಗನೆ ಗುರುತಿಸುವನು. ಜಮೀನಿನ ಹಕ್ಕಿಗೆ ತಗಲಿದ ರೋಗವಾದರೋ ಹತ್ತಾರು ವರ್ಷ ಕಾಗದಗಳೊಳಗೆ ಅಡಗಿದ್ದು, ಜಮೀನನ್ನು ಮಾರುವ ದಿನವೋ, ಸರ್ಕಾರವು ಅದನ್ನು ಸ್ವಾಧೀನಪಡಿಸಿಕೊಂಡು ಪರಿಹಾರದ ಹಣವನ್ನು ಹಂಚುವ ದಿನವೋ ಹೊರಬೀಳುವುದು. ಬೆಂಗಳೂರಿನ ದಕ್ಷಿಣ ದಿಕ್ಕಿನ ಗ್ರಾಮಗಳಿಗೆ ಈ ವಿಷಯದಲ್ಲಿ ಇತರರಿಗಿಂತ ಹೆಚ್ಚಿನ ಅನುಭವವುಂಟು. 1948ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಸಿ. ರಾಜಗೋಪಾಲಾಚಾರ್ಯರು ಜಯನಗರಕ್ಕೆ ಅಸ್ತಿಭಾರವನ್ನಿಟ್ಟರು. ಅಲ್ಲಿಂದ ಮುಂದಕ್ಕೆ ಯಡಿಯೂರು, ಸಾರಕ್ಕಿ, ಕತ್ರಿಗುಪ್ಪೆ, ಜರಗನಹಳ್ಳಿ, ಬಿಳೇಕಹಳ್ಳಿ ಮೊದಲಾದ ಗ್ರಾಮಗಳ ಹೊಲಗದ್ದೆಗಳು ಒಂದೊಂದಾಗಿ ನಿವೇಶನಗಳಾದುವು. ಬಿ.ಟಿ.ಎಂ. ಬಡಾವಣೆಯೆಂಬ ಹೆಸರಿನ ಮೂರು ಅಕ್ಷರಗಳು ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳೇ ಆಗಿರುವುವು. 1945ರಲ್ಲಿ ಏರ್ಪಟ್ಟ ನಗರಾಭಿವೃದ್ಧಿ ವಿಶ್ವಸ್ಥ ಮಂಡಲಿಯೂ, 1976ರಿಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ ಈ ಭೂಮಿಗಳಲ್ಲಿ ಬಹುಭಾಗವನ್ನು ತೆಗೆದುಕೊಂಡುವು. ಆ ಕಾಲದಲ್ಲಿ ಕಾಗದಗಳು ಸರಿಯಾಗಿದ್ದ ಮನೆತನಗಳಿಗೆ ಪರಿಹಾರವು ಬೇಗ ಬಂದಿತು. ಇಲ್ಲದವರು ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದರು. ಇಂದು ನಗರವು ಇನ್ನೂ ಹೊರಗಣ ಗ್ರಾಮಗಳತ್ತ ಬರುತ್ತಿರುವುದರಿಂದ, ಆ ರೈತರು ವಕೀಲರಲ್ಲಿ ಕೇಳುತ್ತ ಬಂದ ಪ್ರಶ್ನೆಗಳನ್ನು ಗ್ರಾಮದ ಮುಖಂಡರೂ ಭೂಮಾಲಿಕರೂ ತಿಳಿದಿರುವುದು ಯುಕ್ತವಾಗಿದೆ.

ಎಲ್ಲಕ್ಕಿಂತ ಹೆಚ್ಚಾಗಿ ಕೇಳಲ್ಪಡುವ ಪ್ರಶ್ನೆ ಇದು: "ಪಹಣಿಯಲ್ಲಿ ನನ್ನ ಹೆಸರೇ ಇದೆ; ಕಂದಾಯವನ್ನು ನಾನೇ ಕಟ್ಟುತ್ತ ಬಂದಿದ್ದೇನೆ. ಜಮೀನು ನನ್ನದಲ್ಲವೆ, ಸ್ವಾಮಿ?" ಇದಕ್ಕೆ ಅನುಭವಸ್ಥರಾದ ವಕೀಲರು ಹೌದೆಂದಾಗಲಿ ಅಲ್ಲವೆಂದಾಗಲಿ ಹೇಳುವುದಿಲ್ಲ. "ಆ ಹೆಸರು ಯಾವ ಕಾಗದದ ಆಧಾರದ ಮೇಲೆ ಬಂತು, ಯಜಮಾನರೆ?" ಎಂದು ಮರುಪ್ರಶ್ನೆ ಹಾಕುವರು. ಪಹಣಿಯೂ ಖಾತೆಯೂ ಸರ್ಕಾರವು ಯಾರಿಂದ ಕಂದಾಯ ವಸೂಲುಮಾಡಬೇಕೆಂಬುದನ್ನು ತಿಳಿಯಲು ಇಟ್ಟುಕೊಂಡಿರುವ ಲೆಕ್ಕಗಳು. ಹಕ್ಕು ಹುಟ್ಟುವುದು ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಮರಣಶಾಸನ, ಸರ್ಕಾರದ ಮಂಜೂರಾತಿ, ನ್ಯಾಯಾಲಯದ ತೀರ್ಪು ಅಥವಾ ಉತ್ತರಾಧಿಕಾರ, ಇವುಗಳಿಂದ. ಖಾತೆಯ ಬದಲಾವಣೆಯು ಹಕ್ಕನ್ನು ಹುಟ್ಟಿಸುವುದೂ ಇಲ್ಲ, ಕಳೆಯುವುದೂ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಅನೇಕ ಬಾರಿ ತೀರ್ಮಾನಿಸಿರುವುದು. ಹಾಗೆಂದು ಪಹಣಿಯನ್ನು ಕಡೆಗಣಿಸುವುದೂ ತಪ್ಪು. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 133ನೆಯ ಪ್ರಕರಣದಂತೆ, ಅದಕ್ಕೆ ವಿರುದ್ಧವಾದುದು ರುಜುವಾತಾಗುವವರೆಗೆ ಅದರಲ್ಲಿರುವ ನಮೂದು ನಿಜವೆಂದೇ ಭಾವಿಸಲ್ಪಡತಕ್ಕದ್ದು. ಸಾಗುವಳಿ ಯಾರದೆಂಬ ವಿವಾದದಲ್ಲಿ ಪಹಣಿಯು ಬಹಳ ಬೆಲೆಯುಳ್ಳ ಸಾಕ್ಷಿ. ನಮೂದು ತಪ್ಪಾಗಿದ್ದರೆ ಕಂದಾಯಾಧಿಕಾರಿಗಳಲ್ಲಿ ಮೇಲ್ಮನವಿ ಮಾಡಬಹುದು. ಹಕ್ಕೇ ವಿವಾದದಲ್ಲಿದ್ದರೆ ಸಿವಿಲ್ ನ್ಯಾಯಾಲಯವೇ ಗತಿ.

ಈ ಭೇದವನ್ನರಿಯದೆ ಆಗುವ ನಷ್ಟವು ಪರಿಹಾರದ ಸಂದರ್ಭದಲ್ಲಿ ಚೆನ್ನಾಗಿ ತಿಳಿಯುವುದು. ನಮ್ಮ ಹಳ್ಳಿಗಳಲ್ಲಿ ತಂದೆಯು ಕಾಲವಾದ ಮೇಲೆ ಪೌತಿ ಖಾತೆಯನ್ನು ಹಿರಿಯ ಮಗನೊಬ್ಬನ ಹೆಸರಿಗೆ ಮಾಡಿಸುವುದು ವಾಡಿಕೆ. ಮನೆಯಲ್ಲಿ ಒಮ್ಮನಸ್ಸು ಇರುವವರೆಗೆ ಅದರಿಂದ ತೊಂದರೆಯಿಲ್ಲ. ಆದರೆ ಸ್ವಾಧೀನದ ನೋಟೀಸು ಖಾತೆದಾರನ ಹೆಸರಿಗೆ ಬರುವುದು, ಹಣವೂ ಅವನ ಹೆಸರಿಗೇ ಮಂಜೂರಾಗುವುದು. ಕಿರಿಯ ತಮ್ಮಂದಿರಿಗೂ ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ಅದು ತಿಳಿಯುವಷ್ಟರಲ್ಲಿ ಹಣವು ಮನೆ ಕಟ್ಟುವುದಕ್ಕೋ ಸಾಲ ತೀರಿಸುವುದಕ್ಕೋ ಆಗಿಹೋಗಿರುವುದು. ಇಂತಹವರು ಬಂದಾಗ ವಕೀಲರು ಮೊದಲು ಕೇಳುವುದು, ಹಣವು ಪಾವತಿಯಾಗಿದೆಯೆ, ಇಲ್ಲವೆ ಎಂದು. ಆಗಿಲ್ಲದಿದ್ದರೆ ಭೂಸ್ವಾಧೀನಾಧಿಕಾರಿಗೆ ಆ ದಿನವೇ ಬರೆಹದ ಮೂಲಕ ತಕರಾರನ್ನು ಸಲ್ಲಿಸತಕ್ಕದ್ದು. ಪಾಲಿನ ವಿವಾದವಿದೆಯೆಂದು ಕಂಡುಬಂದರೆ ಹಣವನ್ನು ನ್ಯಾಯಾಲಯದಲ್ಲಿಡುವುದಕ್ಕೂ ವಿವಾದವನ್ನು ಅಲ್ಲಿಗೆ ಕಳುಹಿಸುವುದಕ್ಕೂ ಕಾನೂನಿನಲ್ಲಿ ಅವಕಾಶವಿದೆ. ಪಾವತಿಯಾಗಿ ಹೋಗಿದ್ದರೆ ಅಣ್ಣನ ಮೇಲೆಯೇ ದಾವೆ ಹೂಡಬೇಕಾಗುವುದು. ತೀರ್ಪು ಬಂದೀತು, ಖರ್ಚಾದ ಹಣವು ಬರುವುದೋ ಇಲ್ಲವೋ ಹೇಳಲಾಗದು. ಪರಿಹಾರದ ಮೊತ್ತವು ಕಡಿಮೆಯೆಂದು ತೋರಿದವರು ಹಣವನ್ನು ತೆಗೆದುಕೊಳ್ಳುವಾಗಲೇ ಆಕ್ಷೇಪಣೆಯೊಡನೆ ತೆಗೆದುಕೊಂಡಿರುವುದಾಗಿ ಬರೆದು ಕೊಡಬೇಕು. ಮೌನವಾಗಿ ರುಜು ಹಾಕಿದವನಿಗೆ ಮುಂದೆ ಹೆಚ್ಚಿಗೆ ಕೇಳುವ ದಾರಿ ಮುಚ್ಚಿಹೋಗುವುದು.

ಎರಡನೆಯದು ಹೆಣ್ಣುಮಕ್ಕಳ ಪಾಲಿನ ಪ್ರಶ್ನೆ. "ಮದುವೆಗೆ ಖರ್ಚುಮಾಡಿ, ಒಡವೆ ಕೊಟ್ಟು, ಅರಿಶಿನ ಕುಂಕುಮಕ್ಕೆಂದು ಹಣವನ್ನೂ ಕೊಟ್ಟಿದ್ದೇವೆ, ಈಗ ಜಮೀನಿನಲ್ಲಿ ಅವಳಿಗೇನು ಹಕ್ಕು?" ಎಂದು ಅಣ್ಣತಮ್ಮಂದಿರು ಕೇಳುವರು. ಒಡವೆಯೂ ಮದುವೆಯ ಖರ್ಚೂ ಪಾಲಿಗೆ ಬದಲಾಗಲಾರವೆಂಬುದೇ ವಕೀಲರ ಉತ್ತರ. ಆದರೆ ಅದನ್ನು ಹೇಳುವುದಕ್ಕೆ ಮುಂಚೆ ಅವರು ತಾತನೂ ತಂದೆಯೂ ಯಾವ ವರ್ಷ ಕಾಲವಾದರೆಂದು ವಿಚಾರಿಸುವರು. ಇದು ಕಾಲಹರಣದ ಪ್ರಶ್ನೆಯಲ್ಲ. ಹಿಂದೆ ಮೈಸೂರು ಸಂಸ್ಥಾನದಲ್ಲಿ 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವಿದ್ದಿತು. ಪಾಲಾಗುವ ಕಾಲದಲ್ಲಿ ಮದುವೆಯಾಗದ ಮಗಳಿಗೆ ಸೋದರನ ಪಾಲಿನ ಕಾಲುಭಾಗವು ಅದರಿಂದ ದೊರೆಯುತ್ತಿದ್ದಿತು. ಆ ಕಾಲಕ್ಕೆ ಇದು ಇತರ ಪ್ರಾಂತ್ಯಗಳಲ್ಲಿ ಕಾಣದಿದ್ದ ಔದಾರ್ಯವೆಂದು ಹೇಳಬಹುದು. 1956ನೆಯ ಜೂನ್ 17ರಿಂದ ಹಿಂದೂ ಉತ್ತರಾಧಿಕಾರ ಅಧಿನಿಯಮವು ಜಾರಿಗೆ ಬಂದಿತು. 1994ನೆಯ ಜುಲೈ 30ರಿಂದ ಕರ್ನಾಟಕದ ತಿದ್ದುಪಡಿಯು ಮಗಳನ್ನೂ ಹುಟ್ಟಿನಿಂದಲೇ ಪಾಲುದಾರಳನ್ನಾಗಿ ಮಾಡಿತಾದರೂ, ಅಷ್ಟರೊಳಗೆ ಮದುವೆಯಾಗಿದ್ದವಳನ್ನು ಹೊರಗಿಟ್ಟಿತು. 2005ನೆಯ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಮದುವೆಯಾದವಳು, ಆಗದವಳು ಎಂಬ ಭೇದವನ್ನು ತೆಗೆದುಹಾಕಿತು. ಆ ದಿನ ತಂದೆಯು ಜೀವಂತನಾಗಿರಬೇಕೆ ಎಂಬ ಸಂಶಯವು ಹದಿನೈದು ವರ್ಷ ಉಳಿದಿದ್ದು, 2020ನೆಯ ಆಗಸ್ಟ್ 11ರಂದು ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಹಾಗೆ ಇರಬೇಕಾಗಿಲ್ಲವೆಂದು ತೀರ್ಮಾನಿಸಿತು.

ಲೆಕ್ಕವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಒಂದು ಮನೆತನಕ್ಕೆ 3 ಎಕರೆ 24 ಗುಂಟೆ ಪಿತ್ರಾರ್ಜಿತ ಜಮೀನಿದೆ. ತಾಯಿ ಮೊದಲೇ ಗತಿಸಿದ್ದಾಳೆ. ತಂದೆ 2010ರಲ್ಲಿ ಮರಣಶಾಸನ ಬರೆಯದೆ ಕಾಲವಾದನು. ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಪಾಲುದಾರರು ನಾಲ್ವರು; ತಂದೆಯ ಕಾಲುಭಾಗವು ಮಕ್ಕಳು ಮೂವರಿಗೂ ಸಮವಾಗಿ ಹೋಗುವುದು. ಒಟ್ಟು 144 ಗುಂಟೆಯಲ್ಲಿ ಪ್ರತಿಯೊಬ್ಬರಿಗೂ 48 ಗುಂಟೆ, ಎಂದರೆ 1 ಎಕರೆ 8 ಗುಂಟೆ ಬರುವುದು. ಪಹಣಿಯಲ್ಲಿ ಮಗನ ಹೆಸರೊಂದೇ ಇದ್ದರೂ ಈ ಲೆಕ್ಕವು ಬದಲಾಗದು. ಅವನು ಸೋದರಿಯರ ಸಹಿಯಿಲ್ಲದೆ ಪೂರ್ತಿ ಜಮೀನನ್ನು ಮಾರಿದರೆ ಕೊಂಡವನಿಗೆ ದಾವೆಯೂ ಜೊತೆಗೆ ಬರುವುದು. ಹೆಣ್ಣುಮಕ್ಕಳು ತಮ್ಮ ಪಾಲನ್ನು ಸಂತೋಷದಿಂದ ಬಿಟ್ಟುಕೊಡುವುದಾದರೆ ಅದಕ್ಕೆ ಹಕ್ಕುಬಿಡುಗಡೆ ಪತ್ರವನ್ನು ಬರೆದು ನೋಂದಣಿ ಮಾಡಿಸತಕ್ಕದ್ದು. ಹಬ್ಬಕ್ಕೆ ಬಂದಾಗ ಬಾಯಿಮಾತಿನಲ್ಲಿ ಹೇಳಿದುದು ನಿಲ್ಲದು. ತಂದೆಯು ತನ್ನ ಸ್ವಂತ ಸಂಪಾದನೆಯಿಂದ ಕೊಂಡ ಜಮೀನಿನ ಮಾತು ಬೇರೆ. ಅದನ್ನು ಅವನು ತನ್ನ ಇಷ್ಟದಂತೆ ಮರಣಶಾಸನದ ಮೂಲಕ ಯಾರಿಗಾದರೂ ಬರೆಯಬಹುದು. ಮುಸಲ್ಮಾನರಿಗೂ ಕ್ರೈಸ್ತರಿಗೂ ಉತ್ತರಾಧಿಕಾರದ ನಿಯಮಗಳು ಬೇರೆಯಾಗಿರುವುದರಿಂದ ಮೇಲಿನ ಲೆಕ್ಕವು ಅವರಿಗೆ ಅನ್ವಯಿಸುವುದಿಲ್ಲ.

"ನಮ್ಮಲ್ಲಿ ಪಾಲು ಎಂದೋ ಆಗಿಹೋಯಿತು, ಊರ ಹಿರಿಯರೇ ಪಾಲುಪಟ್ಟಿ ಬರೆದಿದ್ದಾರೆ" ಎಂಬ ಉತ್ತರವು ಇದಕ್ಕೆ ಪ್ರತಿಯಾಗಿ ಬರುವುದು. ಗ್ರಾಮದ ಮುಖಂಡರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಏಕೆಂದರೆ ಆ ಕಾಗದವು ಅವರ ಜಗಲಿಯ ಮೇಲೆಯೇ ಹುಟ್ಟಿದ್ದು. "ಈ ದಿನ ನಾವು ಹೀಗೆ ಹಂಚಿಕೊಂಡಿರುತ್ತೇವೆ" ಎಂದು ಬರೆದ ಪತ್ರವೇ ವಿಭಾಗವನ್ನು ಉಂಟುಮಾಡುವುದರಿಂದ, 1908ರ ನೋಂದಣಿ ಅಧಿನಿಯಮದ 17ನೆಯ ಪ್ರಕರಣದಂತೆ ಅದು ನೋಂದಣಿಯಾಗಬೇಕು. ಇಲ್ಲದಿದ್ದರೆ ಹಕ್ಕಿನ ರುಜುವಾತಿಗೆ ನ್ಯಾಯಾಲಯವು ಅದನ್ನು ಸ್ವೀಕರಿಸುವುದಿಲ್ಲ. ಹಿಂದೆ ಬಾಯಿಮಾತಿನಲ್ಲಿ ಆದ ವಿಭಾಗವನ್ನು ನೆನಪಿಗಾಗಿ ಬರೆದಿಟ್ಟ ಪಟ್ಟಿಗೆ ನೋಂದಣಿ ಬೇಕಿಲ್ಲವೆಂಬುದು ನಿಜ. ಆದರೆ ಹೆಣ್ಣುಮಕ್ಕಳ ಹಕ್ಕಿಗೆ ಎದುರಾಗಿ ಬಾಯಿಮಾತಿನ ಪಾಲನ್ನು ಒಪ್ಪಬೇಕಾದರೆ ಅದಕ್ಕೆ ಸಾರ್ವಜನಿಕ ದಾಖಲೆಗಳ ಬೆಂಬಲವಿರಬೇಕೆಂದು 2020ರ ತೀರ್ಪೇ ಹೇಳಿದೆ. 2004ನೆಯ ಡಿಸೆಂಬರ್ 20ಕ್ಕಿಂತ ಹಿಂದೆ ನೋಂದಣಿಯಾದ ವಿಭಾಗಕ್ಕೆ ಮಾತ್ರ ಭಯವಿಲ್ಲ. ಇದನ್ನು ತಿಳಿದು ಕೆಲವರು ಹಳೆಯ ತಾರೀಖನ್ನು ಹಾಕಿ ಹೊಸ ಪಟ್ಟಿಯನ್ನು ಬರೆಯಿಸಲು ಹಿರಿಯರ ಬಳಿಗೆ ಬರುವುದುಂಟು. ಅಂತಹ ಪತ್ರಕ್ಕೆ ಸಾಕ್ಷಿ ಹಾಕಿದವನು ಸಿವಿಲ್ ದಾವೆಯಲ್ಲಷ್ಟೇ ಅಲ್ಲ, ಕ್ರಿಮಿನಲ್ ಮೊಕದ್ದಮೆಯಲ್ಲಿಯೂ ಸಿಕ್ಕಿಬೀಳುವನು. ಕೃಷಿ ಜಮೀನಿನ ವಿಭಾಗಪತ್ರಕ್ಕೆ ಮುದ್ರಾಂಕ ಶುಲ್ಕವು ಕ್ರಯಪತ್ರಕ್ಕಿಂತ ಎಷ್ಟೋ ಕಡಿಮೆಯಾಗಿರುವಾಗ, ನೋಂದಣಿಯನ್ನು ತಪ್ಪಿಸುವುದು ಉಳಿತಾಯವಲ್ಲ.

ಕರಾರುಪತ್ರ ಮತ್ತು ಅಧಿಕಾರಪತ್ರಗಳ ವಿಷಯವನ್ನು ಇನ್ನು ಸಂಕ್ಷೇಪವಾಗಿ ಹೇಳಬಹುದು. ನಗರದ ಅಂಚಿನ ಜಮೀನುಗಳನ್ನು ಭೂಪರಿವರ್ತನೆಯಿಲ್ಲದೆ ತುಂಡುಮಾಡಿ, ಕ್ರಯಪತ್ರಕ್ಕೆ ಬದಲಾಗಿ ಜನರಲ್ ಪವರ್ ಆಫ್ ಅಟಾರ್ನಿಯನ್ನು ಬರೆದುಕೊಟ್ಟು ಹಣ ಪಡೆದ ಸಂಗತಿಗಳು ಬಹಳ. ಇಂತಹ ಪತ್ರದಿಂದ ಹಕ್ಕು ವರ್ಗವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ನೆಯ ಅಕ್ಟೋಬರ್ ತಿಂಗಳಲ್ಲಿ ಸ್ಪಷ್ಟಪಡಿಸಿತು. ಕ್ರಯದ ಕರಾರು ಮಾಡಿಕೊಂಡು ಮುಂಗಡ ಕೊಟ್ಟವನು, ಮಾರುವವನು ತಪ್ಪಿದರೆ, ಕರಾರಿನಲ್ಲಿ ಗೊತ್ತುಮಾಡಿದ ದಿನದಿಂದ ಮೂರು ವರ್ಷಗಳೊಳಗೆ ದಾವೆ ಹೂಡತಕ್ಕದ್ದು; ದಿನವು ಗೊತ್ತಾಗಿಲ್ಲದಿದ್ದರೆ, ನಿರಾಕರಣೆ ತಿಳಿದಂದಿನಿಂದ ಮೂರು ವರ್ಷ. ಸರ್ವೆ ನಂಬರಿನ ಒಂದು ಭಾಗವನ್ನು ಮಾತ್ರ ಮಾರುವವರು ಮೊದಲು 11ಇ ನಕ್ಷೆಯನ್ನು ಮಾಡಿಸಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರದಿಂದ ಮಂಜೂರಾದ ಜಮೀನನ್ನು 1978ರ ಅಧಿನಿಯಮದಂತೆ ಸರ್ಕಾರದ ಅನುಮತಿಯಿಲ್ಲದೆ ಕೊಳ್ಳಲೇಬಾರದು.

ಬದುವಿನ ಪಕ್ಕದವನು ಒತ್ತುವರಿ ಮಾಡಿ 12 ವರ್ಷ ಉತ್ತರೆ ಜಮೀನು ಅವನದಾಗುವುದೆ ಎಂದು ಕೇಳುವರು. ನಿಜವಾದ ಮಾಲಿಕನಿಗೆ ವಿರುದ್ಧವಾಗಿ, ಎಲ್ಲರಿಗೂ ಕಾಣುವಂತೆ, ಎಡೆಬಿಡದೆ ಅನುಭವಿಸಿದುದನ್ನು ರುಜುವಾತುಪಡಿಸಿದರೆ ಆಗಬಹುದು. ವಾರಕ್ಕೆ ಕೊಟ್ಟದ್ದು, ನೋಡಿಕೊಳ್ಳಲೆಂದು ಬಿಟ್ಟದ್ದು ಹಾಗಾಗದು. ಸಂಶಯ ಬಂದ ಕೂಡಲೆ ಸರ್ವೆ ಇಲಾಖೆಗೆ ಹದ್ದುಬಸ್ತಿನ ಅರ್ಜಿ ಕೊಟ್ಟು, ಟಿಪ್ಪಣಿಯಂತೆ ಅಳೆಯಿಸಿ ಕಲ್ಲು ನೆಡಿಸುವುದು ದಾವೆಗಿಂತ ಅಗ್ಗ. ಸರ್ಕಾರಿ ಜಮೀನಿಗೆ ಈ ಅವಧಿಯು 30 ವರ್ಷ. ಕೆರೆಯಂಗಳ, ರಾಜಕಾಲುವೆ ಮತ್ತು ಪಹಣಿಯಲ್ಲಿ 'ಬಿ' ಖರಾಬೆಂದು ಕಾಣಿಸಿದ ದಾರಿ, ಹಳ್ಳ ಇವುಗಳ ಮೇಲೆ ಆಸೆಯನ್ನೇ ಇಡಬಾರದು. ಜೆ.ಪಿ. ನಗರದ ಬಳಿಯ ಸಾರಕ್ಕಿ ಕೆರೆಯ ಒತ್ತುವರಿಯನ್ನು 2015ನೆಯ ಏಪ್ರಿಲ್ ತಿಂಗಳಲ್ಲಿ ಜಿಲ್ಲಾಡಳಿತವು ತೆರವುಮಾಡಿದಾಗ ಕಟ್ಟಿ ವಾಸವಾಗಿದ್ದ ಮನೆಗಳೂ ಉರುಳಿದುವು. ಅಲ್ಲಿ ಹಲವರು ನೋಂದಣಿಯಾದ ಪತ್ರಗಳನ್ನೂ ತೆರಿಗೆಯ ರಸೀತಿಗಳನ್ನೂ ಕೈಯಲ್ಲಿ ಹಿಡಿದು ನಿಂತಿದ್ದರು. ಮಾರಿದವನಿಗೇ ಇಲ್ಲದ ಹಕ್ಕು ನೋಂದಣಿಯಿಂದ ಕೊಂಡವನಿಗೆ ಬರಲಾರದು. ಗ್ರಾಮನಕ್ಷೆಯನ್ನು ಒಮ್ಮೆ ನೋಡಿದ್ದರೆ ಕೆರೆಯ ಗೆರೆಯು ಕಾಣಿಸುತ್ತಿದ್ದಿತು.

ವಕೀಲರ ಬಳಿಗೆ ಹೋಗುವವರು ಬರಿಗೈಯಲ್ಲಿ ಹೋದರೆ ಎರಡು ಬಾರಿ ಹೋಗಬೇಕಾಗುವುದು. ಮೂಲಪತ್ರಗಳು, ಹಿಂದಿನ ಕೈಬರೆಹದ ಪಹಣಿಗಳು, ಮ್ಯುಟೇಷನ್ ನಕಲು, ಆಕಾರಬಂದು, ಟಿಪ್ಪಣಿ, ಗ್ರಾಮನಕ್ಷೆ ಮತ್ತು ವಂಶವೃಕ್ಷವನ್ನು ತೆಗೆದುಕೊಂಡು ಹೋಗತಕ್ಕದ್ದು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನು ಬಿಟ್ಟು ತರುವುದು ವೈದ್ಯನಿಗೆ ರೋಗವನ್ನು ಮರೆಮಾಡಿದಂತೆ. ಋಣಭಾರ ಪತ್ರವೂ ಬೇಕು. ಆದರೆ ಅದರಲ್ಲಿ ನೋಂದಣಿಯಾದ ವ್ಯವಹಾರಗಳು ಮಾತ್ರ ಕಾಣುವುವೇ ಹೊರತು, ನೋಂದಣಿಯಾಗದ ಮರಣಶಾಸನವಾಗಲಿ ನಡೆಯುತ್ತಿರುವ ದಾವೆಯಾಗಲಿ ಕಾಣುವುದಿಲ್ಲ. ಶುಲ್ಕ ಕೊಡಲು ಶಕ್ತಿಯಿಲ್ಲವೆಂದು ಸುಮ್ಮನಾಗಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ಸ್ತ್ರೀಯರಿಗೂ, ಪರಿಶಿಷ್ಟ ಜಾತಿ ಪಂಗಡಗಳವರಿಗೂ, ಅವರ ವರಮಾನವೆಷ್ಟೇ ಇದ್ದರೂ, ವಕೀಲರ ನೆರವು ಉಚಿತವಾಗಿ ದೊರೆಯುವುದು. ಇತರರಿಗೆ ವರಮಾನದ ಮಿತಿಯುಂಟು. ಅರ್ಜಿಯನ್ನು ತಾಲ್ಲೂಕಿನ ಕಾನೂನು ಸೇವಾ ಸಮಿತಿಗೆ ಅಥವಾ ಜಿಲ್ಲಾ ಪ್ರಾಧಿಕಾರಕ್ಕೆ ಕೊಡಬಹುದು.