ರೇಡಿಯೊ ಇರಲಿ, ಮೊದಲು ಮಾಡು ರಿಪೇರಿಯಾಗಲಿ

ಪ್ರಶ್ನೆ: ನನಗೆ 57 ವರ್ಷ. ನಮ್ಮ ಮನೆಯವರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದರು, ಕಳೆದ ವರ್ಷ ನಿವೃತ್ತರಾದರು. ಪಿಂಚಣಿ ಬರುತ್ತಿದೆ. ಗ್ರಾಚ್ಯುಟಿ, ಕಮ್ಯುಟೇಶನ್ ಎಲ್ಲ ಸೇರಿ 28 ಲಕ್ಷ ರೂಪಾಯಿ ಹಾಗೇ ಉಳಿತಾಯ ಖಾತೆಯಲ್ಲಿದೆ. ನಮ್ಮದು ಮಾವನವರ ಕಾಲದ ಹೆಂಚಿನ ಮನೆ. ಹೋದ ಮಳೆಗಾಲದಲ್ಲಿ ಅಡುಗೆಮನೆ, ನಡುಮನೆ ಎರಡೂ ಸೋರಿದವು. ಪಾತ್ರೆ ಇಟ್ಟು ಇಟ್ಟು ಸಾಕಾಯಿತು. ಇವರಿಗೆ ಅದರ ಕಡೆ ಗಮನವೇ ಇಲ್ಲ. ಹಳೇ ವಾಲ್ವ್ ರೇಡಿಯೊಗಳ ಹುಚ್ಚು ಹಿಡಿದಿದೆ. ಬೆಂಗಳೂರಿನಿಂದ, ಪುಣೆಯಿಂದ ಪಾರ್ಸೆಲ್ ಬರುತ್ತವೆ. ಬೆಲೆ ಕೇಳಿದರೆ ಹೇಳುವುದಿಲ್ಲ. ಇದು ಮರ್ಫಿ, ಇದು ಬುಷ್ ಎಂದು ತೋರಿಸಲು ಬಂದರೆ ನಾನು ಎದ್ದು ಒಳಗೆ ಹೋಗುತ್ತೇನೆ. ಮಗ, ‘ಮನೆ ಕೆಡವಿ ತಾರಸಿ ಹಾಕಿಸೋಣ, ಕಡಿಮೆ ಬಿದ್ದರೆ ಸಾಲ ಮಾಡೋಣ’ ಎನ್ನುತ್ತಾನೆ. ಇವರ ಸ್ನೇಹಿತರೊಬ್ಬರು ತಮಗೆ ದುಡ್ಡು ಕೊಟ್ಟರೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಕೊಡುತ್ತಾರಂತೆ. ನನಗೆ ರಾತ್ರಿ ನಿದ್ದೆಯಿಲ್ಲ. ಈ ರೇಡಿಯೊಗಳನ್ನು ಮಾರಿಸುವುದು ಹೇಗೆ?

— ಹೆಸರು ಬೇಡ, ಸಾಗರ ತಾಲ್ಲೂಕು

ಉತ್ತರ: ಸಹೋದರಿ, ನೀವು ಕೇಳಿರುವುದು ರೇಡಿಯೊ ವಿಷಯ. ನಿಮ್ಮ ನಿದ್ದೆ ಕೆಡಿಸಿರುವುದು ಸೋರುವ ಮಾಡು ಮತ್ತು ಲೆಕ್ಕ ಸಿಗದ ದುಡ್ಡು. ರೇಡಿಯೊ ಮಾರಿಸಿದರೂ ಅವೆರಡೂ ಹಾಗೇ ಉಳಿಯುತ್ತವೆ, ಜೊತೆಗೆ ಮನಸ್ತಾಪ ಬೇರೆ. ಆದ್ದರಿಂದ ಮಾರುವ ಮಾತನ್ನೇ ಎತ್ತಬೇಡಿ. ಮಾಡು ರಿಪೇರಿಗೆ ಬಡಗಿ ಯಾವ ತಾರೀಕಿಗೆ ಬರುತ್ತಾನೆ ಎಂಬುದನ್ನು ಕೇಳಿ, ಉತ್ತರ ಸಿಗುವವರೆಗೂ ಬಿಡದೆ ಕೇಳಿ.

ಮಗನ ಸಲಹೆ ಸದ್ಯಕ್ಕೆ ಬೇಡ. ಹೆಂಚಿನ ಮಾಡು ಹೊರಲೆಂದು ಕಟ್ಟಿದ ಹಳೆಯ ಗೋಡೆಯ ಮೇಲೆ ಕಾಂಕ್ರೀಟ್ ಸ್ಲ್ಯಾಬ್ ಕೂರಿಸುವಂತಿಲ್ಲ. ಅಡಿಪಾಯದಿಂದಲೇ ಏಳಿಸಿಕೊಂಡು ಬರಬೇಕು. ಅದನ್ನು ರಿಪೇರಿ ಎನ್ನಲಾಗದು, ಹೊಸ ಮನೆಯೇ ಸೈ. ಅರವತ್ತು ದಾಟಿ ಪಿಂಚಣಿಯಲ್ಲಿ ಬದುಕುವವರು ಹೊಸ ಮನೆಗೆಂದು ಸಾಲದ ಕಂತು ತಲೆಗೆ ಕಟ್ಟಿಕೊಳ್ಳುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಮಂಗಳೂರು ಹೆಂಚು ಅಷ್ಟು ಬೇಗ ಸೋಲುವ ಸಾಮಾನೂ ಅಲ್ಲ. 1860ರ ದಶಕದಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಶುರುಮಾಡಿದ ಕಾರ್ಖಾನೆಯ ಹೆಂಚುಗಳು ಇವತ್ತಿಗೂ ಎಷ್ಟೋ ಹಳೇ ಕಟ್ಟಡಗಳ ಮೇಲಿವೆ.

ಮಲೆನಾಡಿನಲ್ಲಿ ಮಾಡು ಸೋರುವುದಕ್ಕೆ ಕಾರಣಗಳು ಹೆಚ್ಚಾಗಿ ಬೇರೆಯೇ ಇರುತ್ತವೆ. ಮಂಗಗಳು ಓಡಾಡಿ ಹೆಂಚು ಜರುಗಿರುತ್ತದೆ. ತರಗೆಲೆ, ಪಾಚಿ ಕಟ್ಟಿಕೊಂಡು ನೀರು ಹರಿಯಲು ದಾರಿಯಿಲ್ಲದೆ ಪಕ್ಕಕ್ಕೆ ಉಕ್ಕುತ್ತದೆ. ಮಾಡಿನ ನೆತ್ತಿಯ ಗಾರೆ ಬಿರಿದಿರುತ್ತದೆ, ಎರಡು ಮಾಡು ಕೂಡುವ ಮೂಲೆಯ ತಗಡು ತುಕ್ಕು ಹಿಡಿದಿರುತ್ತದೆ. ನೀರು ತೊಟ್ಟಿಕ್ಕುವ ಜಾಗದ ನೇರಕ್ಕೇ ತೂತು ಇದೆಯೆಂದು ತಿಳಿಯಬೇಡಿ. ಮೇಲೆಲ್ಲೋ ಒಳಬಂದ ನೀರು ರೀಪು, ಪಕಾಸುಗಳ ಗುಂಟ ಇಳಿದು ಬಂದು ನಿಮ್ಮ ಪಾತ್ರೆಗೆ ಬೀಳುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಅಟ್ಟಕ್ಕೆ ಹತ್ತಿಸಿ ನೋಡಿಸಿ. ಬೆಳಕಿನ ಚುಕ್ಕೆ ಕಂಡಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿಸಿ. ಮರದ ಮೇಲಿನ ನೀರಿನ ಕಲೆ ಎಲ್ಲಿಂದ ಶುರುವಾಗಿದೆಯೋ ಅಲ್ಲಿಯವರೆಗೆ ಹುಡುಕಿಸಿ. ಸ್ಕ್ರೂಡ್ರೈವರಿನಿಂದ ಪಕಾಸನ್ನು ಚುಚ್ಚಿ ನೋಡಬೇಕು; ಗಟ್ಟಿ ಮರಕ್ಕೆ ಮೊನೆ ಇಳಿಯುವುದಿಲ್ಲ, ಒರಲೆ ತಿಂದದ್ದಕ್ಕೆ ಸಲೀಸಾಗಿ ಇಳಿಯುತ್ತದೆ. ಅಡುಗೆಮನೆಯ ಮೇಲಿನ ಮರವನ್ನು ಇನ್ನಷ್ಟು ಗಮನಿಸಿ. ಸೌದೆ ಒಲೆಯಿದ್ದ ಕಾಲದಲ್ಲಿ ಹೊಗೆಯೇ ಅದನ್ನು ಕಾಯುತ್ತಿತ್ತು, ಗ್ಯಾಸ್ ಬಂದ ಮೇಲೆ ಆ ಕಾವಲು ತಪ್ಪಿದೆ.

ಒಡೆದ ಹೆಂಚಿಗೆ ಬದಲಿ ತರುವ ಮುಂಚೆ ಒಂದನ್ನು ಕೆಳಗಿಳಿಸಿ ಮಗುಚಿ ನೋಡಿ. ಕಾರ್ಖಾನೆಯ ಹೆಸರಿನ ಅಚ್ಚು ಇರುತ್ತದೆ. ಒಂದು ಕಾರ್ಖಾನೆಯ ಹೆಂಚಿನ ಕಚ್ಚು ಇನ್ನೊಂದರ ಹೆಂಚಿಗೆ ಸರಿಯಾಗಿ ಕೂರುವುದಿಲ್ಲ, ಆ ಸಂದಿಯಲ್ಲಿ ಗಾಳಿಮಳೆಯ ಎರಚಲು ನುಗ್ಗುತ್ತದೆ. ಅದೇ ಅಚ್ಚಿನ ಹಳೇ ಹೆಂಚು ಮನೆ ಕೆಡವಿದವರ ಹತ್ತಿರ ವಿಚಾರಿಸಿದರೆ ಸಿಗಬಹುದು. ಇಬ್ಬರು ಬಡಗಿಗಳಿಂದ ಅಂದಾಜು ಬರೆಸಿಕೊಳ್ಳಿ. ಸಾಮಾನು ನೀವೇ ತಂದುಕೊಟ್ಟು ಕೆಲಸವನ್ನಷ್ಟೇ ಗುತ್ತಿಗೆಗೆ ಕೊಡಿ. ಎಷ್ಟು ಮರ ಬದಲಿಸಬೇಕು ಎಂಬುದರ ಮೇಲೆ ಖರ್ಚು ನಿಂತಿದೆ; ಇದಕ್ಕೆಂದೇ ಮೂರು ಲಕ್ಷ ಬೇರೆ ತೆಗೆದಿಡಿ.

ಉಳಿದ ಹಣಕ್ಕೆ ಬರೋಣ. ನೂರಕ್ಕೆ ಎರಡು ಎಂದರೆ ವರ್ಷಕ್ಕೆ ನೂರಕ್ಕೆ 24. ಅದರ ಅರ್ಧದಷ್ಟು ಬಡ್ಡಿಗೆ ಬ್ಯಾಂಕಿನಲ್ಲಿ ಚಿನ್ನದ ಸಾಲ ಹುಟ್ಟುವಾಗ, ನಿಮ್ಮ ಮನೆ ಬಾಗಿಲಿಗೆ ಬಂದು ಅಷ್ಟು ಕೊಡುತ್ತೇನೆನ್ನುವವರಿಗೆ ಬ್ಯಾಂಕಿನ ಬಾಗಿಲು ಮುಚ್ಚಿದೆ ಎಂದೇ ಲೆಕ್ಕ. ನಾಲ್ಕು ತಿಂಗಳು ಬಡ್ಡಿ ಬಂದು, ಆಮೇಲೆ ಅಸಲೂ ಇಲ್ಲ, ಸ್ನೇಹವೂ ಇಲ್ಲ ಎಂದು ಕಣ್ಣೀರಿಟ್ಟು ಬರೆಯುವವರ ಕಾಗದಗಳು ಈ ಅಂಕಣಕ್ಕೆ ಬರುತ್ತಲೇ ಇರುತ್ತವೆ. ಆ ಸ್ನೇಹಿತರಿಗೆ ‘ದುಡ್ಡೆಲ್ಲ ಪೋಸ್ಟಾಫೀಸಿನಲ್ಲಿ ಕಟ್ಟಿಬಿಟ್ಟೆವು’ ಎಂದು ಹೇಳಿ. ಆ ಮಾತು ನಿಜವಾಗುವಂತೆ ಈ ವಾರವೇ ಕಟ್ಟಿಬಿಡಿ.

ಕಟ್ಟಬೇಕಾದದ್ದು ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ. 60 ತುಂಬಿದವರು 30 ಲಕ್ಷದವರೆಗೆ ಹಾಕಬಹುದು, ಅವಧಿ 5 ವರ್ಷ. 2023ರ ಏಪ್ರಿಲ್‌ನಲ್ಲಿ ಬಡ್ಡಿ 8.2 ಆಯಿತು. ಹೊಸ ಖಾತೆಗಳ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ, ಹೋದಾಗ ಕೇಳಿಕೊಳ್ಳಿ. ನೀವು ಕಟ್ಟಿದ ದಿನದ ದರವೇ ಐದು ವರ್ಷವೂ ನಿಲ್ಲುತ್ತದೆ. 8.2ರ ಲೆಕ್ಕದಲ್ಲಿ 20 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 41,000 ರೂಪಾಯಿ ಕೈಗೆ ಬರುತ್ತದೆ. ನಿಮಗೆ 60 ಆಗದಿದ್ದರೂ ಪತ್ನಿಯಾಗಿ ಜಂಟಿ ಹೆಸರು ಸೇರಿಸಬಹುದು, ಇದನ್ನು ಮರೆಯದೆ ಮಾಡಿಸಿ. ಪೂರ್ತಿ 28ನ್ನೂ ಅಲ್ಲಿ ಹಾಕುವುದು ಬೇಡ. ಅವಧಿಗೆ ಮೊದಲೇ ಖಾತೆ ಮುಚ್ಚಿದರೆ ಕಡಿತವಿದೆ. ನಾಲ್ಕು ಲಕ್ಷ ಆಸ್ಪತ್ರೆ, ಆಪತ್ತಿಗೆಂದು ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿರಲಿ, ಒಂದು ಲಕ್ಷ ಉಳಿತಾಯ ಖಾತೆಯಲ್ಲಿರಲಿ. ಬ್ಯಾಂಕು ಮುಳುಗಿದರೆ ಠೇವಣಿ ವಿಮೆಯಿಂದ ಸಿಗುವುದು ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಮಾತ್ರ. ಅಷ್ಟೂ ಹಣವನ್ನು ಈಗಿರುವಂತೆ ಒಂದೇ ಕಡೆ ಬಿಡುವುದು ಆ ದೃಷ್ಟಿಯಿಂದಲೂ ಸರಿಯಲ್ಲ. ಕುಟುಂಬ ಪಿಂಚಣಿಯ ದಾಖಲೆಯಲ್ಲಿ ನಿಮ್ಮ ಹೆಸರು, ಹುಟ್ಟಿದ ತಾರೀಕು ಸರಿಯಿದೆಯೇ ಎಂದೂ ನೋಡಿಸಿ. ಪಾಸ್‌ಬುಕ್ಕುಗಳು ಎಲ್ಲಿರುತ್ತವೆ ಎಂಬುದು ಇಬ್ಬರಿಗೂ ಗೊತ್ತಿರಬೇಕು.

ಇನ್ನು ರೇಡಿಯೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿದ ನಾಡು ನಮ್ಮದು. ಭದ್ರಾವತಿ ಆಕಾಶವಾಣಿ 1965ರಲ್ಲಿ ಬಂತು, ಹೆಚ್ಚುಕಡಿಮೆ ನಿಮ್ಮ ಯಜಮಾನರು ಹುಟ್ಟಿದ ಕಾಲಕ್ಕೆ. ಪ್ರದೇಶ ಸಮಾಚಾರದ ಹೊತ್ತಿಗೆ ಊರೆಲ್ಲ ಒಂದು ರೇಡಿಯೊ ಸುತ್ತ ಸೇರುತ್ತಿದ್ದ ಬಾಲ್ಯ ಅವರದು. ಅಷ್ಟು ವರ್ಷ ಮಕ್ಕಳ ಗದ್ದಲದ ನಡುವೆ ಇದ್ದವರಿಗೆ ನಿವೃತ್ತಿಯ ನಂತರ ಮನೆ ಒಮ್ಮೆಲೇ ಖಾಲಿಯೆನಿಸುತ್ತದೆ. ವಿಜ್ಞಾನದ ಮೇಷ್ಟ್ರು ಬೆಸುಗೆ ಕಡ್ಡಿ ಹಿಡಿದು ಕೂತಿದ್ದಾರೆಂದರೆ ಅದು ಬಹಳ ಒಳ್ಳೆಯ ಲಕ್ಷಣ. ತಪ್ಪಿರುವುದು ಬೆಲೆ ಮುಚ್ಚಿಡುವುದರಲ್ಲಿ, ಅದನ್ನು ಅವರು ನಿಲ್ಲಿಸಲೇಬೇಕು. ಪಿಂಚಣಿಯಿಂದ ತಿಂಗಳಿಗೆ ಎರಡು ಸಾವಿರ ರೂಪಾಯಿ ಹವ್ಯಾಸಕ್ಕೆಂದು ಇಬ್ಬರೂ ಕೂತು ಗೊತ್ತುಮಾಡಿ. ಅದರೊಳಗೆ ಏನು ಕೊಂಡರೂ ನೀವು ಕೇಳಬೇಡಿ, ಅದನ್ನು ಮೀರಿದರೆ ಅವರು ಹೇಳದೆ ಕೊಳ್ಳಬಾರದು.

ಮಾಡು ರಿಪೇರಿಗೆ ಅವರನ್ನು ಎಬ್ಬಿಸಬಲ್ಲ ಮಾತೂ ಇಲ್ಲೇ ಇದೆ. ತೇವ ವಾಲ್ವ್ ರೇಡಿಯೊದ ದೊಡ್ಡ ಶತ್ರು. ಸ್ಪೀಕರಿನ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಟ್ರಾನ್ಸ್‌ಫಾರ್ಮರಿನ ಸುರುಳಿಗೆ ನೀರಪಸೆ ಇಳಿದು ಸುಡುತ್ತದೆ, ಮರದ ಪೆಟ್ಟಿಗೆಯ ಅಂಟು ಬಿಡುತ್ತದೆ. ಸೋರುವ ಮನೆಯಲ್ಲಿ ಇನ್ನೊಂದು ಮಳೆಗಾಲ ಕಳೆದರೆ ಆ ಮರ್ಫಿ ಉಳಿಯುವುದಿಲ್ಲ ಎಂದು ಹೇಳಿ. ಅವರಿಗೆ ಗೊತ್ತಿರುವ ಸತ್ಯವೇ ಅದು, ನಿಮ್ಮ ಬಾಯಿಂದ ಬಂದರೆ ನಾಟುತ್ತದೆ.

ಜೀವದ ಪ್ರಶ್ನೆಯೂ ಇದೆ, ಇದನ್ನು ಅವರಿಗೆ ಓದಿ ಹೇಳಿ. ಕೆಲವು ಹಳೇ ಸೆಟ್ಟುಗಳಲ್ಲಿ ಪವರ್ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ. ಒಳಗಿನ ಲೋಹದ ಚಾಸಿ ನೇರ ಕರೆಂಟಿನ ತಂತಿಗೇ ಕೂಡಿರುತ್ತದೆ. ನೆಲ ಒದ್ದೆಯಿದ್ದು ಕೈ ತಗುಲಿದರೆ ಪ್ರಾಣಕ್ಕೇ ಸಂಚಕಾರ. ಮನೆಯ ಮೀಟರ್ ಬೋರ್ಡಿಗೆ ಕರೆಂಟು ಸೋರಿದೊಡನೆ ತಾನೇ ಕಡಿದುಹಾಕುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ಅರ್ಥಿಂಗ್ ನೋಡಿಸಿ. ಅದರ ಮೇಲೂ ಅಂಥ ಸೆಟ್ಟನ್ನು ಬಿಚ್ಚುವಾಗ ಪ್ಲಗ್ ಕಿತ್ತೇ ಇರಬೇಕು. ವರ್ಷಗಟ್ಟಲೆ ಸುಮ್ಮನಿದ್ದ ರೇಡಿಯೊವನ್ನು ತಂದ ದಿನವೇ ಪ್ಲಗ್ಗಿಗೆ ಸಿಕ್ಕಿಸಬಾರದು. ಹಳೇ ಕೆಪಾಸಿಟರ್‌ಗಳನ್ನು ಬದಲಿಸಿ, ಮೊದಲು ಒಂದು 60 ವ್ಯಾಟಿನ ಹಳೇ ನಮೂನೆಯ ಬಲ್ಬನ್ನು ಸೀರೀಸಿನಲ್ಲಿ ಕೊಟ್ಟು ನೋಡಲಿ. ಬಲ್ಬು ಪೂರ್ತಿ ಉರಿಯುತ್ತಲೇ ನಿಂತರೆ ಒಳಗೆ ಶಾರ್ಟ್ ಇದೆ.

ಅವರು ಈ ಸಲ ರೇಡಿಯೊ ತೋರಿಸಲು ಬಂದಾಗ ಎದ್ದು ಹೋಗಬೇಡಿ, ಹತ್ತು ನಿಮಿಷ ಕೂತು ಕೇಳಿ. ಕೇಳಿಯಾದ ಮೇಲೆ ಬಡಗಿಯ ಮಾತೆತ್ತಿ. ಮೇ ತಿಂಗಳು ಬಂತೆಂದರೆ ಎಲ್ಲರಿಗೂ ತಮ್ಮ ಮಾಡಿನ ನೆನಪಾಗುತ್ತದೆ, ಹೆಂಚಿನ ಕೆಲಸದವರು ಕೈಗೆ ಸಿಗುವುದಿಲ್ಲ. ಈಗಲೇ ಹೇಳಿಕಳುಹಿಸಿ.